ಉಳವಿಯಲ್ಲಿ ಮ್ಯುಟೇಷನ್

ದೆವ್ವದ ಕಥೆಗಳ ಬಗ್ಗೆಯೂ ವಿಜ್ಞಾನದ ಕಥೆಗಳ ಬಗ್ಗೆಯೂ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಉಳಿದ ವಿಷಯಗಳಲ್ಲಿ ನಾನು ಸಂಕೋಚದವಳು. ಮದುವೆ ಮನೆಯಲ್ಲಿ ಇನ್ನೊಂದು ಸೌಟು ಪಾಯಸ ಬೇಕೆನಿಸಿದರೂ ಕೇಳುವುದಿಲ್ಲ. ಶಿವಮೊಗ್ಗದಿಂದ ಬರುವ ಬಸ್ಸಿನಲ್ಲಿ "ಇಳಿಯೋರಿದೀವಿ" ಎಂದು ಕೂಗಲಾರದೆ ಎರಡು ಸಲ ಶಿಕಾರಿಪುರ ದಾಟಿ ಶಿರಾಳಕೊಪ್ಪ ನೋಡಿಕೊಂಡು ಬಂದಿದ್ದೇನೆ. ಆದರೆ ಸಿನಿಮಾದಲ್ಲಿ ದೆವ್ವವೊಂದು ಬಾಗಿಲು ತಟ್ಟಿತೆಂದರೆ ನಾನು ಸುಮ್ಮನಿರಲಾರೆ. ಗೋಡೆಯನ್ನೇ ದಾಟಬಲ್ಲದ್ದು ಬಾಗಿಲು ತಟ್ಟುವುದೇಕೆ? ಸೌಜನ್ಯಕ್ಕೇ?

ಇಂಥ ಪ್ರಶ್ನೆಗಳನ್ನು ಬರೆದಿಡಲು ನನ್ನ ಬಳಿ ಒಂದು ನೋಟ್‌ಬುಕ್ ಇದೆ. ಓದಿದ ಪ್ರತಿ ಪುಸ್ತಕಕ್ಕೂ ನೋಡಿದ ಪ್ರತಿ ಸಿನಿಮಾಕ್ಕೂ ಅದರಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟಿದ್ದೇನೆ. ಅದನ್ನು ಯಾರೂ ನೋಡಿಲ್ಲ. ನೋಡಲು ನಾನು ಬಿಟ್ಟಿಲ್ಲ. ನೂರು ವರ್ಷದಿಂದ ಪಾಳುಬಾವಿಯಲ್ಲಿ ವಾಸವಾಗಿರುವವಳ ಸೀರೆ ನಮ್ಮ ಮನೆಯ ಬೀರುವಿನ ಸೀರೆಗಿಂತ ಬೆಳ್ಳಗಿದ್ದರೆ ಎರಡು ಅಂಕ ಕಡಿತ. ಕಾಲಯಂತ್ರ ಹತ್ತಿದವನು ನೇರವಾಗಿ ರಾಜನ ಆಸ್ಥಾನಕ್ಕೇ ಹೋಗಿ ಇಳಿದರೆ ಮೂರು ಅಂಕ ಕಡಿತ. ನಿನ್ನೆ ಕಳೆದ ಬೀಗದ ಕೈ ಹುಡುಕಲು ಒಬ್ಬನಾದರೂ ಹಿಂದಕ್ಕೆ ಹೋಗಬೇಡವೇ? ಅನ್ಯಗ್ರಹದವರು ಅಷ್ಟು ದೂರದಿಂದ ಬಂದು ದೊಡ್ಡ ನಗರದಲ್ಲೇ ಇಳಿದರೆ ಒಂದು ಅಂಕ ಕಡಿತ. ಅಲ್ಲಿ ಇಳಿಯಲು ಜಾಗವೆಲ್ಲಿದೆ? ಭತ್ತದ ಕೊಯ್ಲು ಮುಗಿದ ಮೇಲೆ ಸೊರಬ ತಾಲ್ಲೂಕಿನಲ್ಲಿ ಎಷ್ಟು ಹಾರುವ ತಟ್ಟೆ ಬೇಕಾದರೂ ಇಳಿಯಬಹುದು. ಯಾರೂ ಬೇಡ ಎನ್ನುವುದಿಲ್ಲ. ಕಾಫಿಯನ್ನೂ ಕೊಡುತ್ತಾರೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ನಿಯಮಗಳಿವೆ. ವಿಜ್ಞಾನದ ಕಥೆಯಲ್ಲಿ ಲೋಕದ ಒಂದೇ ಒಂದು ಸಂಗತಿ ಬದಲಾಗಬೇಕು, ಮಿಕ್ಕದ್ದೆಲ್ಲ ಇದ್ದ ಹಾಗೇ ಇರಬೇಕು. ಭಯದ ಕಥೆಯಲ್ಲಿ ನಮಗೆ ಚೆನ್ನಾಗಿ ಗೊತ್ತಿರುವುದೇ ತುಸು ತಪ್ಪಾಗಿ ಕಾಣಬೇಕು. ಉಳಿದದ್ದು ಬರೀ ಕಿರುಚಾಟ. ಈ ನಿಯಮಗಳು ಸರಿಯೆಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಅವುಗಳ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲಿತ್ತು: "ಇದುವರೆಗೆ ಯಾವುದೂ ನನ್ನನ್ನು ಹೆದರಿಸಿಲ್ಲ." ಆ ಸಾಲಿನ ಬಗ್ಗೆ ಮುಂದೆ ಹೇಳುತ್ತೇನೆ.

ತೊಂದರೆ ಆರಂಭವಾದದ್ದು ಒಂದು ಕಪಾಟಿನಿಂದ.

ಶಿಕಾರಿಪುರದಲ್ಲಿ ನಾನು ಹೋಗುವ ವಾಚನಾಲಯ ಚಿಕ್ಕದು. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೆ ನಾಲ್ಕು ಕಪಾಟುಗಳಿವೆ. ಅಡುಗೆಗೆ ಒಂದಿದೆ. ಭವಿಷ್ಯಲೋಕದ ಮತ್ತು ಪ್ರೇತಲೋಕದ ಸಮಸ್ತ ಸಾಹಿತ್ಯ ಮಾತ್ರ ಮೇಜಿನ ಕೆಳಗೆ, ಬಿಸ್ಕೆಟ್ಟಿನ ರಟ್ಟಿನ ಪೆಟ್ಟಿಗೆಯಲ್ಲಿ "ಇತರೆ" ಎಂಬ ಚೀಟಿ ಅಂಟಿಸಿಕೊಂಡು ಬಿದ್ದಿತ್ತು. ಆ ಪುಸ್ತಕಗಳಿಗೆ ಒಂದು ಕಪಾಟು ಕೊಡಿಸುವುದು ನನ್ನ ಜೀವನದ ಗುರಿ ಎಂದರೆ ಹೆಚ್ಚಾಯಿತು. ಆ ವರ್ಷದ ಗುರಿ ಎನ್ನಬಹುದು. ಒಂದು ತಿಂಗಳು ಮನಸ್ಸಿನಲ್ಲೇ ಅಭ್ಯಾಸ ಮಾಡಿ, ಕಾರ್ಯದರ್ಶಿ ಚನ್ನಬಸಪ್ಪನವರ ಮುಂದೆ ಹೋಗಿ ನಿಂತೆ. ಅವರು ಮೂಲತಃ ಹಳೆಯ ಶಿಲಾಶಾಸನಕ್ಕೆ ಹೆಸರಾದ ತಾಳಗುಂದದವರು, ಮೆಕ್ಕೆಜೋಳದ ವ್ಯಾಪಾರಿ, ನಮ್ಮ ಅಪ್ಪನ ಗೆಳೆಯರು.

"ಅದನ್ನ ಓದೋರು ಯಾರವ್ವ?" ಎಂದರು.

"ಓದುವವರಿದ್ದಾರೆ ಅಂಕಲ್. ಕಪಾಟು ಕಾಣದೆ ಬರುತ್ತಿಲ್ಲ."

"ಹಂಗಾದ್ರ ತೋರ್ಸು. ನೀನೇ ಒಂದು ಭಾಷಣ ಮಾಡು. ಮೂವತ್ತು ಮಂದಿ ಬರಬೇಕು. ಹಾಜರಿ ಪುಸ್ತಕದಾಗ ಮೂವತ್ತು ಸಹಿ ಬೀಳಬೇಕು. ಇಪ್ಪತ್ತೊಂಬತ್ತಕ್ಕ ಕಪಾಟಿಲ್ಲ!"

ಭಾಷಣ! ಪಾಯಸ ಕೇಳಲಾರದವಳು ಭಾಷಣ ಮಾಡುವುದೇ? ಆದರೆ ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆ ನನ್ನನ್ನೇ ನೋಡುತ್ತಿತ್ತು. ಒಪ್ಪಿಕೊಂಡೆ.

ಮನೆಯಲ್ಲಿ ಅಪ್ಪನಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು.

"ಶುಭಾ, ದೆವ್ವದ ಮ್ಯಾಲೆ ಭಾಷಣ ಮಾಡ್ತೀಯಂತಲ್ಲ? ಮನ್ಯಾಗ ನಾಕು ಮಾತಾಡಾಕ ನಿನಗ ಬಾಯಿ ಬರಂಗಿಲ್ಲ."

"ದೆವ್ವದ ಮೇಲಲ್ಲ ಅಪ್ಪ. ಭಯದ ಸ್ವರೂಪದ ಮೇಲೆ."

"ಅದಕ್ಕ ಭಾಷಣ ಯಾಕ ಬೇಕು? ರಸ್ತೆ ಮ್ಯಾಲೆ ಮೆಕ್ಕೆಜೋಳ ಒಣಹಾಕಿದಾಗ ಮೋಡ ಆಗ್ತೈತಲ್ಲ, ಅವತ್ತು ಬಂದು ಮಂದಿ ಮುಖ ನೋಡು. ಸ್ವರೂಪ ಕಾಣ್ತೈತಿ!"

ನಾನು ಕಿವಿಗೊಡಲಿಲ್ಲ. ವಾಚನಾಲಯದಲ್ಲಿ ನನ್ನ ಮೊದಲ ಉಪನ್ಯಾಸ ಏರ್ಪಾಡಾಯಿತು. ಶೀರ್ಷಿಕೆ: "ಕಥಾಸಾಹಿತ್ಯದಲ್ಲಿ ಉತ್ಪರಿವರ್ತನೆ ಹಾಗೂ ಭಯಾನಕ ರಸ". ಜೀವಿಯೊಂದು ಇನ್ನೊಂದಾಗಿ ಬದಲಾಗುವುದೇ ಎರಡೂ ಬಗೆಯ ಕಥೆಗಳ ಮೂಲವಸ್ತು ಎಂಬುದು ನನ್ನ ವಾದ. ಜೀವಶಾಸ್ತ್ರದ ಪಠ್ಯದಲ್ಲಿ ಅದಕ್ಕೆ ಉತ್ಪರಿವರ್ತನೆ ಎಂಬ ನಿಖರವಾದ ಪದವಿದೆ. ನಿಖರವಾದ ಪದಕ್ಕೆ ನಾಲ್ಕು ಜನ ಬಂದರು. ಒಬ್ಬರು ಚನ್ನಬಸಪ್ಪನವರು. ಇನ್ನೊಬ್ಬರು ಅಪ್ಪ, ನಾನು ಮರೆತು ಬಂದ ಊಟದ ಡಬ್ಬಿ ಕೊಡಲು ಬಂದಿದ್ದರು. ಮೂರನೆಯವರು ಇದನ್ನು ಪರೀಕ್ಷಾ ತರಬೇತಿ ಎಂದು ತಿಳಿದು, "ಎಷ್ಟು ಮಾರ್ಕ್ಸಿಗೆ ಬರುತ್ತೆ?" ಎಂದು ಕೇಳಿ ಹೊರಟುಹೋದರು. ನಾಲ್ಕನೆಯವರು ಕೊನೆಯವರೆಗೂ ಕುಳಿತಿದ್ದರು. ಎಬ್ಬಿಸಿ ಕಳಿಸಬೇಕಾಯಿತು.

"ಇನ್ನೊಂದು ಸಲ ನೋಡು," ಎಂದರು ಚನ್ನಬಸಪ್ಪನವರು. ಒಳ್ಳೆಯ ಮನುಷ್ಯ. "ಬ್ಯಾರೆ ಊರಾಗ ಬೇಕಾದ್ರ ಮಾಡು. ಹಾಜರಿ ಪುಸ್ತಕ ತಗಂಡು ನಾನೇ ಬರ್ತೀನಿ. ಆದ್ರ ಇದೇ ಕೊನೇ ಸಲ."

ಬೇರೆ ಊರು ಎಂದಾಗ ನನಗೆ ಹೊಳೆದದ್ದು ಉಳವಿ. ಸೊರಬ ತಾಲ್ಲೂಕಿನ ಆ ಊರಿನಲ್ಲಿ ರತ್ನ ಚಿಕ್ಕಮ್ಮ ಇದ್ದಾರೆ. ಮಹಿಳಾ ಸಂಘದ ಅಧ್ಯಕ್ಷೆ. ಅವರು ಕರೆದರೆ ಬಾರದಿರುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ. ಫೋನು ಮಾಡಿದೆ.

"ಉತ್ಪರಿ... ಎಂತದು ಮಾರಾಯ್ತಿ ಅದು? ಔಷಧಿ ಹೆಸ್ರಿದ್ದಂಗೈತೆ. ಜನಕ್ಕೆ ತಿಳಿಯಂಗೆ ಒಂದು ಮಾತು ಹೇಳಾದಲ್ವಾ?"

ಜನರಿಗೆ ತಿಳಿಯುವಂತೆ! ಇದೇ ನನ್ನ ತಪ್ಪು ಎಂದು ಮನವರಿಕೆಯಾಯಿತು. ವಿದ್ವತ್ತಿನ ಅಹಂಕಾರವನ್ನು ಬಿಟ್ಟು, ಇಂಗ್ಲಿಷಿನಿಂದ ಬಂದದ್ದಾದರೂ ನಾಲಿಗೆಗೆ ಸುಲಭವಾದ ಪದವನ್ನು ಆರಿಸಿದೆ. ಹೊಸ ಶೀರ್ಷಿಕೆ: "ಮ್ಯುಟೇಷನ್: ಭಯ ಮತ್ತು ಭವಿಷ್ಯ".

"ಮ್ಯುಟೇಷನ್ನಾ?" ಚಿಕ್ಕಮ್ಮನ ಧ್ವನಿಯೇ ಬದಲಾಯಿತು. "ಅದ್ರ ಬಗ್ಗೆ ನಿಂಗೆ ಗೊತ್ತಾ?"

"ಆರು ವರ್ಷದಿಂದ ಅದನ್ನೇ ಓದುತ್ತಿದ್ದೇನೆ ಚಿಕ್ಕಮ್ಮ."

"ಅಯ್ಯೋ, ಮೊದ್ಲೇ ಹೇಳಾದಲ್ವಾ! ಹಾಲ್ ಸಾಲಲ್ಲ ನೋಡು ಹಂಗಾದ್ರೆ. ನಿಮ್ಮ ಚಿಕ್ಕಪ್ಪಂಗೆ ಡೈರಿ ಹತ್ರ ಬೋರ್ಡ್ ಬರ್ಯಾಕೆ ಹೇಳ್ತೀನಿ."

ಸಂಕೋಚದ ಮನುಷ್ಯರಿಗೆ ಯಶಸ್ಸಿನ ಮುನ್ಸೂಚನೆ ಸಿಕ್ಕಿದಾಗ ವಿವೇಕ ಕೆಲಸ ಮಾಡುವುದಿಲ್ಲ. ಉಳವಿಯ ಜನ ಯಾಕೆ ಏಕಾಏಕಿ ಜೀವವಿಕಾಸದಲ್ಲಿ ಆಸಕ್ತಿ ವಹಿಸಿದರು ಎಂದು ನಾನು ಕೇಳಿಕೊಳ್ಳಲಿಲ್ಲ. ಮಲೆನಾಡಿನ ಅಂಚಿನಲ್ಲಿ ಇಷ್ಟೊಂದು ಜನ ವಿಜ್ಞಾನ ಕಥೆಯ ಅಭಿಮಾನಿಗಳು ಇದುವರೆಗೆ ಬೆಳಕಿಗೆ ಬಾರದೆ ಉಳಿದರಲ್ಲ ಎಂದು ಮರುಗಿದೆ.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಚನ್ನಬಸಪ್ಪನವರೂ ನಾನೂ ಬಸ್ಸಿಳಿದು ಸಂಘದ ಸಭಾಂಗಣಕ್ಕೆ ಹೋದೆವು. ಬಾಗಿಲಲ್ಲಿ ಚಪ್ಪಲಿಗಳ ರಾಶಿ! ಒಳಗೆ ಕುರ್ಚಿಗಳು ತುಂಬಿ, ಚಾಪೆ ತುಂಬಿ, ಕಿಟಕಿಯಲ್ಲೂ ಜನ. ಎಲ್ಲರ ತೊಡೆಯ ಮೇಲೂ ಒಂದೊಂದು ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಕಾಗದಗಳು. ಟಿಪ್ಪಣಿ ಮಾಡಿಕೊಳ್ಳಲು ಕಾಗದ ತಂದಿದ್ದಾರೆ ಎಂದುಕೊಂಡೆ. ವಿಶ್ವವಿದ್ಯಾಲಯದಲ್ಲೂ ಇಂಥ ಶ್ರದ್ಧೆಯನ್ನು ಕಂಡಿರಲಿಲ್ಲ. ಚನ್ನಬಸಪ್ಪನವರು ಹಿಂದಿನ ಸಾಲಿನಲ್ಲಿ ಹಾಜರಿ ಪುಸ್ತಕ ಬಿಚ್ಚಿಕೊಂಡು ಕುಳಿತು, ಬೆರಳಿನಿಂದ ತಲೆಗಳನ್ನು ಎಣಿಸಿ, ನನ್ನತ್ತ ನೋಡಿ ಹುಬ್ಬೇರಿಸಿದರು. ಕಪಾಟು ನನ್ನ ಕಣ್ಣ ಮುಂದೆ ಬಂದು ನಿಂತಿತು. ತೇಗದ್ದು. ಗಾಜಿನ ಬಾಗಿಲಿನದ್ದು.

ಆರಂಭಿಸಿದೆ.

"ಮ್ಯುಟೇಷನ್ ಎಂದರೆ ಎಲ್ಲರೂ ಹೆದರುತ್ತಾರೆ."

"ಹೌದು ಹೌದು," ಎಂದಿತು ಸಭೆ.

"ಒಮ್ಮೆ ಆರಂಭವಾದರೆ ಅದನ್ನು ತಡೆಯುವುದು ಕಷ್ಟ. ಅದು ಯಾವಾಗ ಆಯಿತು ಎಂಬುದು ಎಷ್ಟೋ ಸಲ ಪಕ್ಕದಲ್ಲಿದ್ದವರಿಗೇ ಗೊತ್ತಾಗುವುದಿಲ್ಲ."

ಮೂರನೇ ಸಾಲಿನಲ್ಲಿ ಒಬ್ಬರು ಎದ್ದುನಿಂತರು. ಆಮೇಲೆ ತಿಳಿಯಿತು, ಹೆಸರು ಹಾಲಪ್ಪ. "ಇದೇ ಮೇಡಂ ಆಗಿದ್ದು ನಮ್ಮಲ್ಲಿ! ನಮ್ಮಣ್ಣ ಒಂದೇ ಮನೇಲಿ ಇದ್ಕಂಡು ಮಾಡ್ಸಿದ. ನಂಗೆ ಗೊತ್ತೇ ಆಗ್ಲಿಲ್ಲ."

ನಾನು ಪುಳಕಿತಳಾದೆ. ಸಭಿಕರು ತಮ್ಮದೇ ಕಥೆ ಕಟ್ಟಿ ಹೇಳುತ್ತಿದ್ದಾರೆ! ಇದಕ್ಕಿಂತ ದೊಡ್ಡ ಗೆಲುವುಂಟೇ? "ಬಹಳ ಒಳ್ಳೆಯ ಆರಂಭ. ನಿಮ್ಮ ಅಣ್ಣ ವಿಜ್ಞಾನಿಯೇ?"

"ಅಲ್ಲ, ಹಿಟ್ಟಿನ ಗಿರಣಿ."

"ಇನ್ನೂ ಸೊಗಸು. ಎಲ್ಲಿಂದ ಶುರುವಾಯಿತು?"

"ಹಿತ್ಲಿಂದ. ಮೊದ್ಲು ಹಿತ್ಲು, ಆಮೇಲೆ ಕಣ, ಈಗ ಗದ್ದೆವರೆಗೂ ಬಂದೈತೆ."

ಹಿತ್ತಲಿನಿಂದ ಗದ್ದೆಯವರೆಗೆ ಹರಡುತ್ತಿರುವ ರೂಪಾಂತರ! ನನ್ನ ಎರಡೂ ನಿಯಮಗಳನ್ನು ಇವರು ಒಂದೇ ವಾಕ್ಯದಲ್ಲಿ ಪಾಲಿಸಿದ್ದರು. "ಮನುಷ್ಯರಿಗೂ ಆಯಿತೇ?" ಎಂದೆ, ಉಸಿರು ಬಿಗಿಹಿಡಿದು.

"ಅವ್ನ ಹೆಂಡ್ತಿಗೆ ಆಗೈತೆ. ಮಕ್ಳಿಗೂ ಮಾಡುಸ್ತಾನಂತೆ."

"ತಡೆಯಲು ಯಾರೂ ಯತ್ನಿಸಲಿಲ್ಲವೇ?"

"ತಕರಾರು ಹಾಕಾಕೆ ಮೂವತ್ತು ದಿನ ಟೈಮ್ ಇತ್ತಂತೆ ಮೇಡಂ. ನೋಟೀಸು ಅವ್ನೇ ಇಸ್ಕಂಡು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದ. ಈಗ ಪಹಣಿ ತೆಗ್ಸಿದ್ರೆ ಒಂಬತ್ತನೇ ಕಾಲಮ್ಮಲ್ಲಿ ಪೂರಾ ಅವ್ನದೇ ಹೆಸ್ರು!"

ಪಹಣಿ.

ಆ ಪದ ನನ್ನ ಕಿವಿಯಿಂದ ಮಿದುಳಿಗೆ ತಲುಪಲು ಸಾಕಷ್ಟು ಹೊತ್ತು ತೆಗೆದುಕೊಂಡಿತು. ಪಹಣಿ ಎಂದರೆ ಜಮೀನಿನ ದಾಖಲೆ. ಅದರಲ್ಲಿ ಒಬ್ಬರ ಹೆಸರು ತೆಗೆದು ಇನ್ನೊಬ್ಬರ ಹೆಸರು ಸೇರಿಸುವ ಖಾತೆ ಬದಲಾವಣೆಗೆ ಕರ್ನಾಟಕದ ಸಮಸ್ತ ರೈತರೂ ಹೇಳುವ ಹೆಸರು ಮ್ಯುಟೇಷನ್! ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಪ್ಪನ ಬಾಯಲ್ಲಿ ಸಾವಿರ ಸಲ ಕೇಳಿದ್ದೆ. ಆದರೆ ಆ ಮ್ಯುಟೇಷನ್ ಅಪ್ಪನದು, ಈ ಮ್ಯುಟೇಷನ್ ನನ್ನದು ಎಂದು ತಲೆಯಲ್ಲಿ ಎರಡು ಬೇರೆ ಕೋಣೆಗಳಲ್ಲಿ ಇಟ್ಟಿದ್ದೆ. ಮಧ್ಯದ ಗೋಡೆಯನ್ನು ಹಾಲಪ್ಪ ಈಗ ಬೀಳಿಸಿದ್ದರು. ಬಾಗಿಲನ್ನೂ ತಟ್ಟದೆ!

ಚಿಕ್ಕಮ್ಮನತ್ತ ನೋಡಿದೆ. ಅವರು ಹೆಮ್ಮೆಯಿಂದ ನಗುತ್ತಿದ್ದರು. ಡೈರಿಯ ಬೋರ್ಡಿನಲ್ಲಿ ಚಿಕ್ಕಪ್ಪ ಬರೆದದ್ದೇನೆಂದು ನನಗೆ ತಿಳಿದದ್ದು ಸಂಜೆ: "ಮ್ಯುಟೇಷನ್ ಬಗ್ಗೆ ತಜ್ಞರಿಂದ ಉಚಿತ ಮಾಹಿತಿ." ಭಯ ಮತ್ತು ಭವಿಷ್ಯ ಎಲ್ಲಿ ಎಂದು ಕೇಳಿದ್ದಕ್ಕೆ, "ಜಾಗ ಸಾಲ್ಲಿಲ್ಲ ಮಾರಾಯ್ತಿ, ಅದೆಂತ ಮುಖ್ಯ ಅಲ್ಲ ಅಂತ ಬಿಟ್ಟೆ" ಎಂದರು ಚಿಕ್ಕಪ್ಪ.

ಪ್ರಾಮಾಣಿಕಳಾದವಳು ಆ ಕ್ಷಣವೇ ನಿಜ ಹೇಳಬೇಕಿತ್ತು. ನಾನು ಹಿಂದಿನ ಸಾಲಿನ ಹಾಜರಿ ಪುಸ್ತಕವನ್ನು ನೋಡಿದೆ. ನಿಜ ಹೇಳಿದರೆ ಸಭೆ ಖಾಲಿ, ಪುಸ್ತಕವೂ ಖಾಲಿ. ಕಪಾಟು ಹೋಯಿತು! ಆದ್ದರಿಂದ ಹತ್ತು ನಿಮಿಷ ಎರಡೂ ಅರ್ಥಕ್ಕೆ ಹೊಂದುವ ವಾಕ್ಯಗಳನ್ನು ಹೆಣೆದೆ. "ಮೂಲ ಸ್ವರೂಪವನ್ನು ಕಾಪಾಡಿಕೊಳ್ಳಬೇಕು." ತಲೆದೂಗಿದರು. "ಬದಲಾವಣೆಯ ಮೊದಲ ಲಕ್ಷಣಗಳನ್ನು ಗಮನಿಸುತ್ತಿರಬೇಕು." ಬರೆದುಕೊಂಡರು. "ಹತ್ತಿರದವರನ್ನೂ ಪೂರ್ತಿ ನಂಬಬಾರದು." ಚಪ್ಪಾಳೆ ಬಿತ್ತು! ಭಯಾನಕ ಸಾಹಿತ್ಯದ ಸಾರವೆಲ್ಲ ಜಮೀನಿಗೆ ಇಷ್ಟು ಚೆನ್ನಾಗಿ ಒಪ್ಪುತ್ತದೆಂದು ನಾನು ಎಣಿಸಿರಲಿಲ್ಲ. ಹೀಗೇ ದಡ ಸೇರಬಹುದು ಎಂಬ ಧೈರ್ಯ ಬರುತ್ತಿತ್ತು.

ಆಗ ಮುಂದಿನ ಸಾಲಿನಿಂದ ಎಲೆಅಡಿಕೆ ಚೀಲ ಹಿಡಿದ ಒಬ್ಬ ಸಣಕಲು ಅಜ್ಜಿ ಕೈ ಎತ್ತಿದರು.

"ತಂಗಿ, ನಂದೊಂದು ಕೇಳಾದಿತ್ತು. ನಾನು ಸತ್ತು ಆರು ವರ್ಷ ಆಯ್ತು."

ಮೂರೂಕಾಲು ಗಂಟೆಯ ಬಿಸಿಲು. ಮೇಲೆ ಫ್ಯಾನು ತಿರುಗುತ್ತಿತ್ತು. ಅಜ್ಜಿ ಶಾಂತವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅಕ್ಕಪಕ್ಕದವರು ಯಾರೂ ಬೆಚ್ಚಲಿಲ್ಲ. ಒಬ್ಬರು "ಹೌದು ಪಾಪ" ಎಂದರು. ನನ್ನ ಮೊಣಕೈಯಿಂದ ಭುಜದವರೆಗೆ ರೋಮ ಎದ್ದುನಿಂತಿತು. ಚೆನ್ನಾಗಿ ಗೊತ್ತಿರುವುದು ತುಸು ತಪ್ಪಾಗಿ ಕಾಣಬೇಕು! ಆರು ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ ನಿಯಮ ಎಲೆಅಡಿಕೆ ಹಾಕಿಕೊಂಡು ಎದುರಿಗೇ ಕುಳಿತಿತ್ತು. ಕೆಂಪು ಶಾಯಿಯ ಸಾಲು ಅಲ್ಲಿಗೆ ಮುಗಿಯಿತು.

"ಸತ್ತು... ಅಂದರೆ?"

"ನಮ್ಮತ್ತೆ ಹೆಸ್ರು ಗೌರಮ್ಮ. ನನ್ನ ಹೆಸ್ರೂ ಗೌರಮ್ಮ. ಅತ್ತೆ ತೀರ್ಕಂಡಾಗ ನಮ್ಮ ಮೈದ್ನ ಮರಣ ಪತ್ರಕ್ಕೆ ಅರ್ಜಿ ಬರ್ದ. ಅತ್ತೆದು ಗೌರಮ್ಮ ಕೋಂ ಹುಚ್ಚಪ್ಪ ಅಂತ ಬರೀಬೇಕಿತ್ತು. ಅವ್ನು ಗೌರಮ್ಮ ಕೋಂ ಬಸವಣ್ಯಪ್ಪ ಅಂತ ಬರ್ದ. ಬಸವಣ್ಯಪ್ಪ ನಮ್ಮನೆಯೋರು."

ದಾಖಲೆಗಳಲ್ಲಿ ಕೋಂ ಎಂದರೆ ಇಂಥವರ ಹೆಂಡತಿ ಎಂದು ಅರ್ಥ. ಆ ಒಂದಕ್ಷರದ ಮುಂದೆ ಮಾವನ ಹೆಸರಿನ ಬದಲು ಗಂಡನ ಹೆಸರು ಬಂದದ್ದರಿಂದ ಸೊಸೆ ಸತ್ತಿದ್ದರು.

"ಹಾಗಾದರೆ ನಿಮ್ಮ ಅತ್ತೆ?"

"ಬದುಕವಳೆ! ನೂರಾ ನಾಕು ವರ್ಷ ಅವ್ಳಿಗೆ ಈಗ. ಬದುಕಿದ್ದಾಗ್ಲೂ ಮನೆ ಅವ್ಳದೇ, ಸತ್ತ ಮೇಲೂ ಅವ್ಳದೇ!" ಸಭೆಯಿಡೀ ನಕ್ಕಿತು. ಅಜ್ಜಿ ನಗಲಿಲ್ಲ. "ನಮ್ಮನೆಯೋರು ಹೋಗಿ ಎರಡು ವರ್ಷ ಆಯ್ತು. ಗದ್ದೆ ನನ್ನ ಹೆಸ್ರಿಗೆ ಮ್ಯುಟೇಷನ್ ಆಗ್ಬೇಕು. ಸತ್ತೋಳ ಹೆಸ್ರಿಗೆ ಹೆಂಗೆ ಆಗುತ್ತೆ? ತಜ್ಞರು ಬತ್ತಾರೆ ಅಂದ್ರು. ಅದಕ್ಕೇ ಬಂದೆ."

ಈ ಮುಖಕ್ಕೆ ಎರಡರ್ಥದ ವಾಕ್ಯ ಹೇಳಲು ನನ್ನಿಂದಾಗಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಜ ಹೇಳಿದೆ. "ಕ್ಷಮಿಸಿ. ನಾನು ಆ ಮ್ಯುಟೇಷನ್ನಿನ ತಜ್ಞೆಯಲ್ಲ. ನಾನು ಹೇಳುತ್ತಿದ್ದುದು ಕಥೆಗಳಲ್ಲಿ ಬರುವ ಮ್ಯುಟೇಷನ್. ಮನುಷ್ಯರು ಬೇರೆ ಜೀವಿಗಳಾಗಿ ಬದಲಾಗುವುದು."



"ಅಂದ್ರೆ, ಮನ್ಷಂಗೆ ಬಾಲ ಬರಾದು, ಅಂಥದ್ದಾ?" ಎಂದು ಕೇಳಿದರು ಹಾಲಪ್ಪ.

"ಹೌದು."

ಅವರು ಗಂಭೀರವಾಗಿ ಯೋಚಿಸಿದರು. "ನಮ್ಮಣ್ಣಂಗೆ ಅದನ್ನ ಮಾಡ್ಸಾಕೆ ಬರುತ್ತಾ?"

ಜನ ಏಳತೊಡಗಿದರು. ಅಷ್ಟರಲ್ಲಿ ಚಿಕ್ಕಮ್ಮ ಎದ್ದು, ಸೊಂಟದ ಮೇಲೆ ಕೈಯಿಟ್ಟು, "ಎಲ್ಲಿಗೆ ಹೊಂಟ್ರಿ? ಕೂತ್ಕಳಿ! ಎಂ.ಎ. ಓದವಳೆ ನಮ್ಮ ಹುಡ್ಗಿ. ಅರ್ಜಿ ಬರ್ಯಾಕೆ ಬರಲ್ವಾ ಅವ್ಳಿಗೆ? ಮುತ್ತಿನಂಥ ಅಕ್ಷರ!" ಎಂದರು. ನನ್ನನ್ನು ಕೇಳಲಿಲ್ಲ.

ಹೀಗೆ ವಿಜ್ಞಾನ ಕಥಾ ಉಪನ್ಯಾಸ ಅರ್ಜಿ ಬರೆಯುವ ಮೇಜಾಯಿತು. ನನಗೆ ಕಾನೂನು ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ಬರೆಯುವ ಕೈ ಮಾತ್ರ. ಆ ಹೊತ್ತಿಗೆ ಚನ್ನಬಸಪ್ಪನವರು ಹಾಜರಿ ಪುಸ್ತಕವನ್ನು ಜನರ ಮಧ್ಯೆ ತಿರುಗಿಸಲು ಹೊರಟರು. ಹೊಸ ಸಂಕಟ ಅಲ್ಲಿಂದ ಆರಂಭವಾಯಿತು. ಒಬ್ಬರೂ ಸಹಿ ಮಾಡಲಿಲ್ಲ!

"ಮ್ಯುಟೇಷನ್ ಮೀಟಿಂಗಲ್ಲಿ ಖಾಲಿ ಪುಸ್ತಕಕ್ಕೆ ಸಹಿ ಹಾಕಾದಾ? ತಲೆ ಕೆಟ್ಟೈತಾ ನಮ್ಗೆ?"

"ಇದು ಬರೀ ಹಾಜರಿ ರೀ," ಎಂದರು ಚನ್ನಬಸಪ್ಪನವರು.

"ನಮ್ಮಜ್ಜಂಗೂ ಹಂಗೇ ಹೇಳಿದ್ರಂತೆ. ಮದ್ವೆ ಮನೆ ಮುಯ್ಯಿ ಪುಸ್ತಕ ಅಂತ ಹೆಬ್ಬೆಟ್ಟು ಒತ್ತಿ, ಹೋಳಿಗೆ ಉಂಡು ಬಂದ. ಬಾವಿ ಪಕ್ಕದ ಗದ್ದೆ ಹೋಗಿತ್ತು!"

ಹತ್ತಿರದವರನ್ನೂ ಪೂರ್ತಿ ನಂಬಬಾರದೆಂದು ಸ್ವಲ್ಪ ಹೊತ್ತಿನ ಹಿಂದೆ ಬೋಧಿಸಿದವಳು ನಾನೇ. ಕೊನೆಗೆ ಹಾಜರಿ ಪುಟದ ತಲೆಯ ಮೇಲೆ ನನ್ನ ಮುತ್ತಿನಂಥ ಅಕ್ಷರದಲ್ಲಿ ಹೀಗೆ ಬರೆಯಬೇಕಾಯಿತು: "ಈ ಕೆಳಗೆ ಸಹಿ ಮಾಡಿದವರು ತಮ್ಮ ಯಾವುದೇ ಸ್ಥಿರಾಸ್ತಿಯನ್ನು ಯಾರಿಗೂ ಬಿಟ್ಟುಕೊಟ್ಟಿರುವುದಿಲ್ಲ. ಸದರಿಯವರು ಸುಮ್ಮನೆ ಕುಳಿತಿದ್ದರು." ಅದನ್ನು ಗಟ್ಟಿಯಾಗಿ ಎರಡು ಸಲ ಓದಿಸಿಕೊಂಡ ಮೇಲೆ, ಅರ್ಜಿ ಬರೆಸಿಕೊಂಡ ಮನೆಯವರು ಮಾತ್ರ ಸಹಿ ಮಾಡಿದರು. ಉಳಿದವರು ಆ ಮಾತಿನಲ್ಲೂ ಏನೋ ಹೊಂಚಿದೆ ಎಂದು ಶಂಕಿಸಿ, ಡೈರಿಗೆ ಹಾಲು ಹಾಕುವ ಹೊತ್ತಾಯಿತೆಂದು ಹೊರಟುಹೋದರು.

ನಾಲ್ಕೂಮುಕ್ಕಾಲಿಗೆ ಸಭಾಂಗಣದಲ್ಲಿ ಉಳಿದದ್ದು ನಾವು ಮೂವರು ಮತ್ತು ಗೌರಮ್ಮ. ಚಿಕ್ಕಮ್ಮನದೂ ಸೇರಿ ಇಪ್ಪತ್ತೊಂಬತ್ತು ಸಹಿ ಬಿದ್ದಿದ್ದವು. ಗೌರಮ್ಮ ಏಳನೇ ಕ್ಲಾಸು ಓದಿದವರು. ಪೆನ್ನು ತೆಗೆದುಕೊಂಡು ಮೂವತ್ತನೆಯ ಸಾಲಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ನನ್ನ ಎದೆ ತುಂಬಿಬಂತು. ಮೂವತ್ತು!

ಚನ್ನಬಸಪ್ಪನವರು ಕನ್ನಡಕ ಸರಿಮಾಡಿಕೊಂಡರು. "ಇದು ನಡಿಯಂಗಿಲ್ಲವ್ವ."

"ಯಾಕೆ ಅಂಕಲ್?"

"ತೀರಿಕೊಂಡವರ ಸಹಿ."

"ಎದುರಿಗೇ ಕುಳಿತಿದ್ದಾರಲ್ಲ!"

"ಕಣ್ಣಿಗೆ ಕುಂತಾರ. ದಾಖಲೆದಾಗ ಇಲ್ಲ. ನಾವು ತಾಳಗುಂದದವ್ರು, ಕಲ್ಲಿನ ಮ್ಯಾಲೆ ಬರದದ್ದನ್ನ ನಂಬೋ ಮಂದಿ. ನಾಳೆ ಕಮಿಟಿಯವ್ರು ಕೇಳಿದ್ರ ನಾನೇನು ಹೇಳಲಿ? ಇವರ ಹೆಸರು ಸರಿ ಮಾಡಿಸ್ಕೊಂಡು ಬಾ. ಅಲ್ಲೀತನ ಈ ಪುಟ ಹಂಗೇ ಇರ್ತೈತಿ."

ಗೌರಮ್ಮ ಎಲೆಅಡಿಕೆ ಅಗಿಯುತ್ತ ನನ್ನನ್ನು ನೋಡಿದರು. "ನಿಂಗೂ ನಾನು ಬದುಕಾದು ಬೇಕಾತು ನೋಡು ಈಗ," ಎಂದರು.

ಅದು ಅಕ್ಷರಶಃ ನಿಜವಾಗಿತ್ತು. ಒಬ್ಬ ಹೆಂಗಸು ಸತ್ತಿರುವವರೆಗೆ ನನಗೆ ಕಪಾಟಿಲ್ಲ. ಯಾವ ಭಯಾನಕ ಕಾದಂಬರಿಯಲ್ಲೂ ನಾಯಕಿಗೆ ಇಂಥ ಪರಿಸ್ಥಿತಿ ಒದಗಿದ್ದನ್ನು ನಾನು ಓದಿರಲಿಲ್ಲ.

ಇನ್ನು ಅರ್ಜಿಯ ವಿಷಯ. ಹನ್ನೊಂದು ಮನೆಗಳ ಅರ್ಜಿಗಳನ್ನು ಅವರು ಹೇಳಿದಂತೆ ಬರೆದುಕೊಟ್ಟಿದ್ದೆ. ಗೌರಮ್ಮನವರದನ್ನು ಮಾತ್ರ ಮನೆಗೆ ತಂದು, ಒಂದು ವಾರ ಕುಳಿತು, ನನ್ನ ಸಮಸ್ತ ವಿದ್ಯೆಯನ್ನೂ ಸುರಿದು ಬರೆದೆ. ನಾಲ್ಕು ಪುಟ. ಮೊದಲ ವಾಕ್ಯ: "ಮಾನ್ಯರೇ, ಮರಣವೆಂದರೇನು?" ಎರಡನೇ ಪುಟದಲ್ಲಿ, ತನ್ನದೇ ಮನೆಯಲ್ಲಿ ತಾನು ಇಲ್ಲವೆಂದು ತಿಳಿದ ಹೆಂಗಸಿನ ಅಂತರಂಗ. ಮೂರನೇ ಪುಟದಲ್ಲಿ, ನೂರಾ ನಾಲ್ಕು ವರ್ಷದ ಅತ್ತೆ ಪ್ರತಿ ವರ್ಷ ದಾಖಲೆಯಲ್ಲಿ ಬೆಳೆಯುತ್ತಲೇ ಹೋಗುವ ಚಿತ್ರ. ಓದಿ ನಾನೇ ನಡುಗಿದೆ. ಒಂಬತ್ತು ಅಂಕ ಕೊಟ್ಟುಕೊಂಡೆ.

ಗೌರಮ್ಮನ ಜೊತೆ ಹೋಗಿ ಅದನ್ನು ಸರ್ಕಾರಿ ಕಚೇರಿಯಲ್ಲಿ ಕೊಟ್ಟೆ. ಮೇಜಿನ ಹಿಂದಿದ್ದವರು ಮೊದಲ ಪುಟ ಓದಿದರು. ಎರಡನೆಯದನ್ನೂ ಓದಿದರು. ಪಕ್ಕದ ಮೇಜಿನವರನ್ನು ಕರೆದು ಮೂರನೆಯದನ್ನು ತೋರಿಸಿದರು. ಇಬ್ಬರೂ ನಾಲ್ಕನೆಯದನ್ನು ಮುಗಿಸಿ, ನನಗೇ ಮರಳಿಸಿದರು.

"ತುಂಬ ಚೆನ್ನಾಗಿದೆ ಮೇಡಂ. ಆದ್ರೆ ಇವ್ರು ಬದುಕಿದಾರೋ ಇಲ್ವೋ ಅಂತ ಕೊನೇವರೆಗೂ ಗೊತ್ತಾಗಲ್ಲ."

ವಿಮರ್ಶಕಿಯಾಗಿ ಹೇಳುವುದಾದರೆ ಇದು ದೊಡ್ಡ ಪ್ರಶಂಸೆ. ಅರ್ಜಿದಾರಳ ಜೊತೆಗೆ ಬಂದವಳಾಗಿ ಹೇಳುವುದಾದರೆ, ಹೊರಗಿನ ಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಕುಳಿತೆ.

"ಇನ್ನೊಂದು ಹಾಳೆ ತಗಾ," ಎಂದರು ಗೌರಮ್ಮ. "ನಾನು ಹೇಳ್ತೀನಿ, ನೀನು ಬರಿ. ನಾನು ಗೌರಮ್ಮ ಕೋಂ ಬಸವಣ್ಯಪ್ಪ. ಸತ್ತಿದ್ದು ನಮ್ಮತ್ತೆ ಗೌರಮ್ಮ ಕೋಂ ಹುಚ್ಚಪ್ಪ. ಅವ್ಳನ್ನ ಸಾಯ್ಸಿ. ನನ್ನನ್ನ ಬದುಕ್ಸಿ."

ಕೊನೆಯ ಎರಡು ವಾಕ್ಯಗಳನ್ನು ತುಸು ಸಭ್ಯಗೊಳಿಸಿದ್ದಷ್ಟೇ ನನ್ನ ಕೊಡುಗೆ. ಜೊತೆಗೆ ತಪ್ಪು ಹೆಸರಿನ ಆ ಮರಣ ಪತ್ರ, ಸೊಸೆಯ ಆಧಾರ್, ಸಾಕ್ಷಿಗೆ ಹಾಲಪ್ಪ. ಮಳೆಗಾಲ ಮುಗಿಯುವಷ್ಟರಲ್ಲಿ ಅತ್ತೆ ವಿಧಿವತ್ತಾಗಿ ತೀರಿಕೊಂಡರು, ಸೊಸೆ ಹುಟ್ಟಿಬಂದರು. ಗದ್ದೆಯೂ ಅವರ ಹೆಸರಿಗೆ ಬಂತು. ಚನ್ನಬಸಪ್ಪನವರು ಹೊಸ ಪಹಣಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ಹಾಜರಿ ಪುಸ್ತಕದ ಮೂವತ್ತನೆಯ ಸಾಲಿನ ಮುಂದೆ ಸರಿ ಗುರುತು ಹಾಕಿದರು.

ಕಪಾಟು ಬಂತು. ತೇಗದ್ದಲ್ಲ, ತಗಡಿನದು. ಪರವಾಗಿಲ್ಲ. ಅದರ ಮೇಲೆ ಚನ್ನಬಸಪ್ಪನವರು ಅಭಿಮಾನದಿಂದ ಬಣ್ಣದಲ್ಲಿ ಬರೆಸಿದ್ದಾರೆ: "ಭಯಾನಕ ಮತ್ತು ಮ್ಯುಟೇಷನ್". ಈಗ ಪ್ರತಿ ಭಾನುವಾರ ಆ ಕಪಾಟಿನ ಮುಂದೆ ಜನ ಸೇರುತ್ತಾರೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ. ನಾನು ಅರ್ಜಿ ಬರೆಯುತ್ತೇನೆ. "ಎಂ.ಎ. ಮಾಡಿದ್ದಕ್ಕ ಒಂದು ಉಪಯೋಗ ಆತು," ಎನ್ನುತ್ತಾರೆ ಅಪ್ಪ.

ಪುಸ್ತಕ ಎರವಲು ಪಡೆದವರು ಇದುವರೆಗೆ ಒಬ್ಬರೇ. ಗೌರಮ್ಮ. ಬಸ್ಸಿನಲ್ಲಿ ಬಂದು, ಸದಸ್ಯತ್ವದ ಚೀಟಿಯಲ್ಲಿ "ಕೋಂ ಬಸವಣ್ಯಪ್ಪ" ಎಂದು ದಪ್ಪಗೆ ಬರೆದು, "ಹೆದ್ರಿಕೆ ಆಗಾದು ಒಂದು ಕೊಡು" ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಏಳು ಅಂಕ ಪಡೆದಿದ್ದ ಕಾದಂಬರಿಯನ್ನೇ ಆರಿಸಿ ಕೊಟ್ಟೆ. ಎರಡು ವಾರದ ಮೇಲೆ ತಂದು ಮೇಜಿನ ಮೇಲೆ ಇಟ್ಟರು.

"ಹೇಗಿತ್ತು ಅಜ್ಜಿ?"

"ಸುಳ್ಳು ಬರ್ದಾನೆ. ಸತ್ತೋಳು ವಾಪಸ್ ಬಂದು ಬಾಗ್ಲಲ್ಲಿ ನಿಂತ್ಕಂಡ್ಳಂತೆ, ಎಲ್ರೂ ಕೂಗ್ಕಂಡು ಓಡಿದ್ರಂತೆ. ನಾನು ಆರು ವರ್ಷ ಒಂದೊಂದು ಬಾಗ್ಲಲ್ಲೂ ನಿಂತಿದ್ದೆ. ಒಬ್ರೂ ಓಡ್ಲಿಲ್ಲ. ನಾಳೆ ಬಾ ಅಂದ್ರು."

ನನ್ನ ಅಜ್ಜಿಯ ಕಾಲದಲ್ಲಿ ದೆವ್ವ ಬಾರದಿರಲೆಂದು ಮನೆಗಳ ಬಾಗಿಲ ಮೇಲೆ ಬರೆಯುತ್ತಿದ್ದುದೂ ಅದೇ ಎರಡು ಪದಗಳನ್ನು. ಆರು ವರ್ಷದ ನನ್ನ ಟಿಪ್ಪಣಿಗಳಲ್ಲಿ ಎಲ್ಲೂ ಅದು ದಾಖಲಾಗಿರಲಿಲ್ಲ.

ಯಾರಿಗೂ ತೋರಿಸದ ನೋಟ್‌ಬುಕ್ಕನ್ನು ಚೀಲದಿಂದ ತೆಗೆದು ಅವರ ಮುಂದೆ ಬಿಚ್ಚಿದೆ. ಅವರು ಏಳನ್ನು ಹೊಡೆದುಹಾಕಿ ಎರಡು ಎಂದು ತಿದ್ದಿದರು. ಆಮೇಲೆ ನಾನು ಹೊದಿಕೆಯ ಮೇಲಿದ್ದ ನನ್ನ ಹೆಸರನ್ನು ಅಳಿಸಿ, ಗೌರಮ್ಮ ಕೋಂ ಬಸವಣ್ಯಪ್ಪ ಎಂದು ಬರೆದೆ. ತಕರಾರು ಸಲ್ಲಿಸಲು ನನಗೂ ಮೂವತ್ತು ದಿನಗಳ ಅವಕಾಶವಿತ್ತು.

ಸಲ್ಲಿಸಲಿಲ್ಲ.